ಗುರುವಾರದ ಮಡಿಲು

ನಮ್ಮ ಊರಿನಲ್ಲಿ ಯಾರನ್ನೂ ಮಡಿಲಲ್ಲಿ ಏನಿದೆ ಎಂದು ಕೇಳುವಂತಿಲ್ಲ. ಕೇಳಿದರೆ ಇದ್ದದ್ದು ಹೂವಾಗಿಬಿಡುತ್ತದೆ. ಅಕ್ಕಿಯಾದರೆ ಬಿಳಿ ಗುಲಾಬಿ, ಬೇಳೆಯಾದರೆ ಹಳದಿ, ರಾಗಿಯಾದರೆ ಕಪ್ಪಿಗೆ ತಿರುಗಿದ ಕೆಂಪು. ಚೀಲದಲ್ಲೋ ಬುಟ್ಟಿಯಲ್ಲೋ ಇದ್ದರೆ ಎಷ್ಟು ಸಲ ಕೇಳಿದರೂ ಏನೂ ಆಗುವುದಿಲ್ಲ. ಆದರೆ ಚೀಲದಲ್ಲಿ ಹೋಗುವುದು ಬರೀ ಸಾಮಾನು. ಇಲ್ಲದವರ ಮನೆಗೆ ಹೋಗುವುದು ಯಾವತ್ತೂ ಮಡಿಲಲ್ಲೇ ಹೋಗಬೇಕು, ಹೆಂಗಸರಾದರೆ ಸೆರಗಿನಲ್ಲಿ, ಗಂಡಸರಾದರೆ ಎತ್ತಿ ಕಟ್ಟಿದ ಪಂಚೆಯಲ್ಲಿ. ನಮ್ಮ ಹಿರಿಯರು ಹಾಗೆ ಮಾಡಿದರು, ನಾವೂ ಹಾಗೆಯೇ ಮಾಡಿಕೊಂಡು ಬಂದಿದ್ದೇವೆ.

ಇದರಿಂದ ಊರಿನ ಮಾತೇ ಒಂದು ಬಗೆಯಾಗಿದೆ. ಎದುರಿಗೆ ಸಿಕ್ಕವರ ಮಡಿಲು ತುಂಬಿದ್ದರೆ "ಭಾರವಾಯ್ತಾ?" ಎಂದು ಕೇಳುತ್ತೇವೆ. ಎಷ್ಟೇ ಭಾರವಿದ್ದರೂ ಅವರು "ಇಲ್ಲ" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು, ಅವರ ದಾರಿ ಅವರಿಗೆ. ಯಾರ ಮಡಿಲು ಯಾರ ಮನೆಗೆ ಹೋಯಿತೆಂದು ಹೇಳುವುದೂ ಇಲ್ಲ. ಒಂದು ಸಲ ಹೊಸದಾಗಿ ಬಂದ ಬಸ್ಸಿನ ಕಂಡಕ್ಟರು ಲಗೇಜು ಟಿಕೆಟ್ಟು ಹರಿಯಲು ಹೋಗಿ ಒಬ್ಬ ಮುದುಕಿಯನ್ನು "ಏನಜ್ಜಿ ಮಡಿಲಲ್ಲಿ?" ಎಂದು ಕೇಳಿಬಿಟ್ಟ. ಬಸ್ಸಿನ ತುಂಬ ಘಮ್ಮೆಂದಿತು. ಅಜ್ಜಿ ಎದ್ದು ಹೂವನ್ನೆಲ್ಲ ಅವನ ಟಿಕೆಟ್ಟಿನ ಚೀಲಕ್ಕೆ ಸುರಿದು, "ತಗೊಳ್ಳಪ್ಪ, ಮನೇಲಿ ಸಾರು ಮಾಡಿಸ್ಕೊ" ಎಂದಳು. ಮಾರನೆಯ ದಿನ ಅವನು ಎರಡು ಸೇರು ಅವರೆಕಾಳು ತಂದು ಅವಳ ಮನೆ ಹುಡುಕಿಕೊಂಡು ಬಂದ. ಈಗ ಅವನು ನಮ್ಮವನೇ ಆಗಿಹೋಗಿದ್ದಾನೆ.

ಊರಿನಲ್ಲಿ ಹೂವಿನ ಅಂಗಡಿಯಿಲ್ಲ. ಮಾತೆಯ ಹಬ್ಬಕ್ಕೂ, ಮಣ್ಣು ಮಾಡುವ ದಿನಕ್ಕೂ ಹೂವು ಬೇಕಾದಾಗ ಪ್ರತಿಯೊಬ್ಬರೂ ತಮ್ಮ ಮನೆಯಿಂದ ಒಂದು ಹಿಡಿ ಧಾನ್ಯ ಮಡಿಲಲ್ಲಿ ಕಟ್ಟಿಕೊಂಡು ಚರ್ಚಿಗೆ ಬರುತ್ತಾರೆ. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಕೇಳುವುದಕ್ಕೆ ಒಬ್ಬನಿರುತ್ತಾನೆ. ನಲವತ್ತು ವರ್ಷದಿಂದ ಕೇಳುವವನು ನಾನು. ನಾನು ಈ ಚರ್ಚಿನ ಉಪದೇಶಿ. ಮಕ್ಕಳಿಗೆ ಜಪ ಕಲಿಸುವುದು, ಪಾದ್ರಿ ಸ್ವಾಮಿಗಳು ಇಲ್ಲದ ದಿನ ಪ್ರಾರ್ಥನೆ ನಡೆಸುವುದು, ಸಂಜೆಯ ಪೂಜೆಗೆ ಮುಂಚೆ ಆ ದಿನದ ಸಂತರ ಚರಿತ್ರೆಯನ್ನು ಓದುವುದು ನನ್ನ ಕೆಲಸ. ಊರಿಗೆಲ್ಲ "ಮಡಿಲಲ್ಲಿ ಏನಮ್ಮಾ, ಮಡಿಲಲ್ಲಿ ಏನಪ್ಪಾ" ಎಂದು ಕೇಳಿದ ಬಾಯಿ ಇದು.

ಸಂತರ ಚರಿತ್ರೆಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡರೆ ತೊಡೆ ನೋಯುವಷ್ಟು ದಪ್ಪ. ಅದರ ಹಳೆಯ ಕನ್ನಡದಲ್ಲಿ ಸಂತರನ್ನು ಅರ್ಚ್ಯಶಿಷ್ಟರು ಎಂದು ಬರೆದಿದೆ. ತಾನು ಪ್ರಾರ್ಥನೆಯಲ್ಲಿದ್ದಾಗ ದೇವದೂತರು ಬಂದು ನೇಗಿಲು ಹಿಡಿದರೆಂಬ ಇಸಿದೋರ, ಕಾಡಿನಲ್ಲಿ ಪ್ಲೇಗು ತಗುಲಿ ಬಿದ್ದಿದ್ದಾಗ ನಾಯಿಯೊಂದು ದಿನವೂ ರೊಟ್ಟಿ ತಂದುಕೊಟ್ಟ ರೋಕ, ಒಡೆಯನ ಮನೆಯಲ್ಲಿ ಕೊನೆಯವರೆಗೂ ಕೆಲಸದವಳಾಗಿಯೇ ಇದ್ದು ಸಂತಳಾದ ಜೀತಾ. ಇವರೆಲ್ಲ ನನಗೆ ನಮ್ಮ ಬೀದಿಯವರಷ್ಟೇ ಪರಿಚಯ. ಎಲ್ಲಕ್ಕಿಂತ ಸವೆದಿರುವುದು ನವೆಂಬರಿನ ಒಂದು ಪುಟ. ಹಂಗೇರಿ ದೇಶದ ಅರಸುಮಗಳು ಎಲಿಜಬೇತಮ್ಮ ಕೋಟೆಯ ಕೆಳಗೆ ಕಾದಿದ್ದ ಬಡವರಿಗೆಂದು ಮಡಿಲಲ್ಲಿ ರೊಟ್ಟಿ ಕಟ್ಟಿಕೊಂಡು ಇಳಿಯುತ್ತಿದ್ದಳು. ಗಂಡ ಎದುರಾಗಿ, ಮಡಿಲಲ್ಲಿ ಏನು ಎಂದು ಕೇಳಿದ. ಬಿಡಿಸಿ ತೋರಿಸಿದರೆ ಕೊರೆಯುವ ಚಳಿಯಲ್ಲಿ ಆಗತಾನೆ ಅರಳಿದ ಗುಲಾಬಿ. ಗಂಡ ಬೆರಗಾಗಿ ದೇವರನ್ನು ಕೊಂಡಾಡಿದ. ಆ ಪುಟ ಅಲ್ಲಿಗೆ ಮುಗಿಯುತ್ತದೆ. ಓದಿ ಮುಗಿಸಿದಾಗ ಪ್ರತಿ ವರ್ಷವೂ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ.

ಹದಿಮೂರು ವರ್ಷದ ಹಿಂದೆ ಆ ಹಬ್ಬದ ದಿನ ನಾನು ಓದಿ ಮುಗಿಸಿ ಪುಸ್ತಕ ಮುಚ್ಚುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ಅವನು ಚೌರಪ್ಪ, ಚರ್ಚಿನ ಗಂಟೆ ಹೊಡೆಯುವವನು.

"ಉಪದೇಶಿಗಳೇ, ಒಂದು ಮಾತು. ಆ ದಿನ ಕೆಳಗಡೆ ಕಾಯ್ತಾ ಕೂತಿದ್ದೋರು ಏನು ತಿಂದ್ರು?"

ಯಾರೋ ಕಿಸಕ್ಕೆಂದರು. ನನಗೆ ರೇಗಿತು. "ದೇವರ ಮಹಿಮೆ ನೋಡೋ ಅಂದ್ರೆ ನೀನು ಅನ್ನದ ತಟ್ಟೆ ನೋಡ್ತೀಯಲ್ಲ" ಎಂದೆ.

"ಹಸಿದೋರು ಅದನ್ನೇ ಅಲ್ವಾ ನೋಡೋದು?" ಎಂದ ಚೌರಪ್ಪ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದ. ಈಗ ನೆನೆದರೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಆಗ ನನಗೆ ಕೇಳಿಸಿದ್ದು ಜನರ ನಗು ಮಾತ್ರ. ಪೂಜೆ ಮುಗಿದ ಮೇಲೆ ಆಗಿನ ಸ್ವಾಮಿಗಳ ಹತ್ತಿರ ಹೋಗಿ, ಚೌರಪ್ಪ ಪವಿತ್ರ ಚರಿತ್ರೆಯನ್ನು ಗೇಲಿ ಮಾಡುತ್ತಾನೆ, ಅವನ ಕೈಯಲ್ಲಿ ಗಂಟೆಯ ಹಗ್ಗವಿರುವುದು ಸರಿಯಲ್ಲ ಎಂದು ಹೇಳಿದೆ. ಅವರು ಕಟ್ಟುನಿಟ್ಟಿನ ಮುದುಕರು. ಆ ವಾರವೇ ಹಗ್ಗ ಇನ್ನೊಬ್ಬರ ಕೈಗೆ ಹೋಯಿತು. ಹಗ್ಗದ ಜೊತೆಗೆ ಚರ್ಚಿನ ಹಿಂದಿದ್ದ ಅವನ ಮನೆಯೂ ಹೋಯಿತು. ಚೌರಪ್ಪ ಕಾಲಿಲ್ಲದ ತನ್ನ ತಂಗಿ ಸಗಾಯಮ್ಮನನ್ನು ಬೆನ್ನ ಮೇಲೆ ಹೊತ್ತುಕೊಂಡು ಊರಾಚೆ ಸುಣ್ಣದ ಗೂಡಿನ ಪಕ್ಕದ ಗುಡಿಸಲಿಗೆ ಹೋದ. ತೆಂಗಿನ ನಾರಿನ ಹಗ್ಗ ಹೊಸೆದು ಬದುಕತೊಡಗಿದ. ಆಮೇಲೆ ನಾವಿಬ್ಬರೂ ಮಾತಾಡಲಿಲ್ಲ.

ನನ್ನ ಹೆಂಡತಿ ರೆಜಿನಮ್ಮ ಗುರುವಾರ ಗುರುವಾರ ಮಡಿಲು ಕಟ್ಟಿಕೊಂಡು ಹೊರಡಲು ಶುರುಮಾಡಿದ್ದು ಆ ವರ್ಷದಿಂದಲೇ. ಎರಡನ್ನೂ ಜೋಡಿಸಿ ನೋಡುವಷ್ಟು ಬುದ್ಧಿ ನನಗೆ ಬರಲಿಲ್ಲ. ಮಧ್ಯಾಹ್ನದ ಜಪ ಮುಗಿದ ಕೂಡಲೇ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಬರ್ತೀನಿ ರೀ" ಎಂದು ಹೊರಟುಬಿಡುತ್ತಿದ್ದಳು. ಸಂಜೆ ಬಂದಾಗ ಮುಖದಲ್ಲಿ ಎಲ್ಲೋ ನಕ್ಕುಬಂದ ಕಳೆ ಇರುತ್ತಿತ್ತು. ನಮ್ಮ ಮನೆಯಲ್ಲಿ ನಗು ಕಡಿಮೆ. ನಾನು ಮಾತು ಕಡಿಮೆಯ ಮನುಷ್ಯ, ಮಕ್ಕಳಾಗಲಿಲ್ಲ, ಸಂಜೆಯಾದರೆ ಮಾರನೆಯ ದಿನದ ಸಂತರ ಚರಿತ್ರೆಯನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತ ಕೂರುತ್ತಿದ್ದೆ. ಅವಳು ನನ್ನನ್ನು "ಸಂತರ ಮನೆ ಅಳಿಯ" ಎಂದು ಆಡಿಕೊಳ್ಳುತ್ತಿದ್ದಳು. "ನಿಮ್ಮ ಅತ್ತೆ ಮನೆ ಪುಸ್ತಕದಲ್ಲಿದೆ. ನಾನು ಇಲ್ಲಿ ಸುಮ್ಮನೆ ಬಾಡಿಗೆಗೆ ಇದ್ದೀನಿ" ಎನ್ನುತ್ತಿದ್ದಳು.

ಅವಳು ಯಾರ ಮನೆಯಲ್ಲಿ ನಗುತ್ತಾಳೆ ಎಂಬುದು ನನ್ನನ್ನು ಕೊರೆಯತೊಡಗಿತು. ಕೇಳುವಂತಿಲ್ಲ. ಹಿಂದೆ ಹೋಗಿ ನೋಡುವುದು ಇನ್ನೂ ನಾಚಿಕೆಗೇಡು. ಹನ್ನೆರಡು ವರ್ಷ ತಡೆದುಕೊಂಡೆ. ಈ ಸಲದ ತಪಸ್ಸುಕಾಲದಲ್ಲಿ, ನಲವತ್ತು ದಿನದ ಉಪವಾಸ ನಡೆಯುತ್ತಿದ್ದಾಗ, ಒಂದು ಗುರುವಾರ ಅವಳು ಹೊಸ್ತಿಲು ದಾಟುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತಿದ್ದೆ. "ಮಡಿಲಲ್ಲಿ ಏನು ರೆಜಿನಾ?" ಎಂದುಬಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿದಳು. ಸೆರಗು ಬಿಡಿಸಿದಳು. ಒಳಗೆ ಕಪ್ಪುಗೆಂಪಿನ ಆರು ದೊಡ್ಡ ಗುಲಾಬಿ, ಅದರ ನಡುವೆ ಪುಟ್ಟ ಪುಟ್ಟ ಬಿಳಿಯವು ಒಂದು ಹಿಡಿ. ಆರು ರಾಗಿ ರೊಟ್ಟಿ, ಒಂದು ಹಿಡಿ ಅಕ್ಕಿ. ಅವಳು ಮತ್ತೆ ಸೆರಗು ಕಟ್ಟಿಕೊಂಡು, ಆ ಹೂವನ್ನೇ ಎತ್ತಿಕೊಂಡು, ಎಂದಿನ ದಾರಿಯಲ್ಲಿ ಹೋದಳು. ಸಂಜೆ ಬಂದು ನನಗೆ ಬಡಿಸಿದಳು. ತಾನು ಊಟಕ್ಕೆ ಕೂರಲಿಲ್ಲ. "ಹಸಿವಿಲ್ಲ" ಎಂದಳು. ಸಿಟ್ಟು ಬಂದಿದೆ ಎಂದುಕೊಂಡು ನಾನೂ ಸುಮ್ಮನಾದೆ. ಶನಿವಾರ ಪಾಪನಿವೇದನೆಯಲ್ಲಿ ಈಗಿನ ಎಳೆಯ ಸ್ವಾಮಿಗಳಿಗೆ, ನಲವತ್ತು ವರ್ಷದ ಅಭ್ಯಾಸ, ಬಾಯಿ ತಪ್ಪಿ ಬಂತು ಎಂದು ಹೇಳಿದೆ. ಅವರು ಕ್ಷಮಿಸಿ ಮೂರು ಜಪ ಕೊಟ್ಟರು. ಬಾಯಿ ತಪ್ಪಿರಲಿಲ್ಲ. ಬೇಕೆಂದೇ ಕಾದು ನಿಂತು ಕೇಳಿದ್ದೆ.

ಆಗಸ್ಟಿನಲ್ಲಿ, ಮಾತೆಯ ಸ್ವರ್ಗಸ್ವೀಕಾರದ ಹಬ್ಬ ಕಳೆದ ವಾರ, ರೆಜಿನಮ್ಮ ಮಂಗಳವಾರ ಎದೆನೋವೆಂದು ಮಲಗಿದಳು. ಗುರುವಾರ ಮಧ್ಯಾಹ್ನ, ಹೊರಡುವ ಹೊತ್ತಿಗೆ ಸರಿಯಾಗಿ, ಸೆರಗಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿಬಿಟ್ಟಳು. ನಲವತ್ತೊಂದು ವರ್ಷ ಜೊತೆಯಲ್ಲಿದ್ದವಳು.

ಶುಕ್ರವಾರ ಮಣ್ಣು. ಸ್ವಾಮಿಗಳು ನನ್ನ ಕೈ ಹಿಡಿದು, "ಇವತ್ತು ಬಾಗಿಲಲ್ಲಿ ನಾನು ನಿಂತು ಕೇಳ್ತೀನಿ, ನೀವು ಒಳಗೆ ಕೂತ್ಕೊಳ್ಳಿ" ಎಂದರು. ನಾನು ಒಪ್ಪಲಿಲ್ಲ. ಊರಿನ ಎಲ್ಲರ ಮನೆಯವರಿಗೂ ನಾನು ಕೇಳಿದ್ದೇನೆ, ನನ್ನ ಮನೆಯವಳಿಗೆ ಬೇರೆಯವರು ಕೇಳಬಾರದು. ಜನ ಸಾಲಾಗಿ ಬಂದರು. ನಾನು ಕೇಳಿದೆ, ಅವರು ಮಡಿಲು ಬಿಡಿಸಿದರು, ಹೂವನ್ನು ಅವಳ ಪೆಟ್ಟಿಗೆಯ ಮೇಲೆ ಸುರಿದು ಒಳಗೆ ಹೋದರು. ಕಂಡಕ್ಟರು ಕೂಡ ಅವರೆಕಾಳು ತಂದಿದ್ದ. ಅದು ತಿಳಿಹಸಿರು ಗುಲಾಬಿಯಾಯಿತು. ಅಂಥದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸಾಲಿನ ಕೊನೆಯಲ್ಲಿ ಚೌರಪ್ಪ ನಿಂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಪಂಚೆಯನ್ನು ಎತ್ತಿ ಕಟ್ಟಿ ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ಕೇಳದೆ ಬಿಟ್ಟರೆ ಅವಮಾನ, ಕೇಳಿದರೆ ಹದಿಮೂರು ವರ್ಷದ ಮೇಲೆ ಮೊದಲ ಮಾತು. ಕೇಳಿದೆ.

"ಮಡಿಲಲ್ಲಿ ಏನಪ್ಪಾ?"

ಅವನು ಬಿಡಿಸಿದ. ಬರೀ ಬಟ್ಟೆ. ಒಂದು ಎಸಳೂ ಬೀಳಲಿಲ್ಲ.

"ಏನಿಲ್ಲ ಉಪದೇಶಿಗಳೇ" ಎಂದ. "ನಿನ್ನೆ ಗುರುವಾರ. ಅವರು ಬರಲಿಲ್ಲ."

ಒಳಗೆ ಕೂತಿದ್ದವರೆಲ್ಲ ತಲೆ ತಗ್ಗಿಸಿಕೊಂಡರು. ಅವರಿಗೆಲ್ಲ ಗೊತ್ತಿತ್ತು. ಸೋಮವಾರ ಇನ್ನಾಸಪ್ಪನ ಮನೆಯಿಂದ, ಶನಿವಾರ ಕನ್ಯಾಸ್ತ್ರೀಯರ ಮಠದ ಅಮ್ಮಗಳಿಂದ, ಹೀಗೆ ದಿನಕ್ಕೊಬ್ಬರ ಮಡಿಲು ಆ ಗುಡಿಸಲಿಗೆ ಹೋಗುತ್ತಿತ್ತು. ಗುರುವಾರ ನಮ್ಮ ಮನೆಯ ಪಾಳಿ. ಊರಿನಲ್ಲಿ ಅದು ಗೊತ್ತಿಲ್ಲದವನು ನಾನೊಬ್ಬನೇ.

ಮುಂದಿನ ಗುರುವಾರ ನಾನು ರೊಟ್ಟಿ ತಟ್ಟಲು ಕೂತೆ. ಎಪ್ಪತ್ತೆರಡು ವರ್ಷದಲ್ಲಿ ಒಲೆಯ ಮುಂದೆ ಕೂತವನಲ್ಲ. ಹಿಟ್ಟು ಕೈಗೆ ಅಂಟಿತು, ತಟ್ಟಿದ್ದು ಹರಿಯಿತು, ಹೆಂಚಿಗೆ ಹಾಕಿದ್ದು ಸೀದು ಅಂಚೆಲ್ಲ ಕರಿಯಾಯಿತು. ಆರನ್ನೂ ಪಂಚೆಯಲ್ಲಿ ಕಟ್ಟಿಕೊಂಡು ಹೊರಟೆ. ಮಡಿಲು ತುಂಬಿಕೊಂಡು ನಡೆಯುವುದು ನನಗೆ ಹೊಸದು. ಹೊಟ್ಟೆಗೆ ಬಿಸಿ ತಾಗುತ್ತದೆ, ಹೆಜ್ಜೆ ತಾನಾಗಿಯೇ ಸಣ್ಣದಾಗುತ್ತದೆ. ದಾರಿಯಲ್ಲಿ ಮೂವರು "ಭಾರವಾಯ್ತಾ ಉಪದೇಶಿಗಳೇ?" ಎಂದರು. ಮೂವರಿಗೂ ಇಲ್ಲ ಎಂದೆ.

ಚೌರಪ್ಪ ಗುಡಿಸಲಿನ ಮುಂದೆ ಕೂತು ನಾರು ಹೊಸೆಯುತ್ತಿದ್ದ. ನನ್ನನ್ನು ನೋಡಿದ, ಪಂಚೆಯನ್ನು ನೋಡಿದ. ಎದ್ದು ನಿಂತು, ನಾನು ಚರ್ಚಿನ ಬಾಗಿಲಲ್ಲಿ ಕೇಳುವ ದನಿಯಲ್ಲೇ ಕೇಳಿದ.

"ಮಡಿಲಲ್ಲಿ ಏನು ಉಪದೇಶಿಗಳೇ?"

ಬಿಸಿ ಹೋಗಿ ಹೊಟ್ಟೆ ತಣ್ಣಗಾಯಿತು. ಬಿಡಿಸಿದೆ. ಕಪ್ಪುಗೆಂಪಿನ ಆರು ಗುಲಾಬಿ, ಎಸಳಿನ ಅಂಚೆಲ್ಲ ಬೆಂಕಿ ತಾಗಿದ ಹಾಗೆ ಕರಿ. ನನ್ನ ಅಡುಗೆಯ ಗುರುತು ಹೂವಿನಲ್ಲೂ ಉಳಿದಿತ್ತು. ಹೂವನ್ನು ಅವನ ಹೊಸ್ತಿಲಲ್ಲಿಟ್ಟು ಹಿಂತಿರುಗಿದೆ. ಇವನು ನನ್ನ ರೊಟ್ಟಿಯನ್ನು ಒಲ್ಲೆನೆಂದ, ಅದಕ್ಕೆ ಅವನಿಗೆ ಹಕ್ಕಿದೆ ಎಂದುಕೊಂಡೆ.

ಮರುವಾರವೂ ಹೋದೆ. ಮತ್ತೆ ಕೇಳಿದ. ಅದರ ಮರುವಾರವೂ ಅಷ್ಟೇ. ಬೇರೆಯವರ ಕೈಯಲ್ಲಿ ಕಳಿಸಬಹುದಾಗಿತ್ತು. ಆದರೆ ಇದು ನಮ್ಮ ಮನೆಯ ಪಾಳಿ, ಮನೆಯಲ್ಲಿ ಇರುವವನು ನಾನೊಬ್ಬನೇ. ಅವಳು ಹದಿಮೂರು ವರ್ಷ ನಡೆಸಿದ್ದು ನನ್ನ ಕೈಯಲ್ಲಿ ನಿಂತುಹೋದರೆ ನಾಳೆ ಅವಳಿಗೆ ಯಾವ ಮುಖ ತೋರಿಸಲಿ? ಅವನು ಒಂದು ದಿನ ಕೇಳದೆ ಇರುತ್ತಾನೆ, ಅಷ್ಟು ಸಾಕು ಎಂದು ದೇವರಲ್ಲಿ ಬೇಡಿಕೊಂಡೆ. ಬೇರೆ ಯಾವುದನ್ನೂ ಬೇಡಲಿಲ್ಲ. ಹತ್ತು ಗುರುವಾರ ಹೋದೆ. ಹತ್ತು ಗುರುವಾರವೂ ಅವನು ಕೇಳಿದ. ರೊಟ್ಟಿ ಮಾತ್ರ ವಾರದಿಂದ ವಾರಕ್ಕೆ ಚೆನ್ನಾಯಿತು.

ಈ ಹತ್ತು ವಾರದಲ್ಲಿ ನಾನು ಅವಳ ಸಮಾಧಿಯ ಕಡೆಗೆ ಹೋಗಿರಲಿಲ್ಲ. ಚರ್ಚಿನ ಹಿಂದೆಯೇ ಇದೆ, ಐವತ್ತು ಹೆಜ್ಜೆ. ಹೋಗಲಾಗಲಿಲ್ಲ. ನವೆಂಬರ್ ಎರಡು, ಸಕಲ ಆತ್ಮಗಳ ದಿನ. ಅವತ್ತು ಎಲ್ಲರೂ ತಮ್ಮವರ ಸಮಾಧಿಯ ಮುಂದೆ ಮೇಣದ ಬತ್ತಿ ಹಚ್ಚಿ ನಿಲ್ಲಲೇಬೇಕು. ಸ್ವಾಮಿಗಳು ತೀರ್ಥ ಎರಚುತ್ತ ಬರುತ್ತಾರೆ. ಹೋದೆ.

ಅವಳ ಮಣ್ಣಿನ ಮೇಲೆ ಗುಲಾಬಿಯ ಸಾಲುಗಳಿದ್ದವು. ತಲೆಯ ಕಡೆ ಒಣಗಿ ಗರಿಗರಿಯಾದವು, ಆಮೇಲೆ ಬಾಡಿ ಸುರುಟಿದವು, ಕಾಲ ಕಡೆ ಮೊನ್ನೆ ಗುರುವಾರದವು, ಇನ್ನೂ ಘಮವಿದ್ದವು. ಸಾಲಿಗೆ ಆರು, ಹತ್ತು ಸಾಲು. ಒಂದೊಂದು ಎಸಳಿಗೂ ಕರಿ ಅಂಚು. ಮೊದಲ ಸಾಲಿನಲ್ಲಿ ಹೆಬ್ಬೆರಳಿನ ಅಗಲ ಕರಿ, ನಾಲ್ಕನೆಯದರಲ್ಲಿ ಅರ್ಧ, ಕೊನೆಯ ಸಾಲಿನಲ್ಲಿ ಕಣ್ಣಿಗೆ ಕಾಡಿಗೆ ಎಳೆದಷ್ಟೇ. ಈ ಊರಿನಲ್ಲಿ ಇಷ್ಟು ಕೆಟ್ಟದಾಗಿ ರೊಟ್ಟಿ ಸುಡುವವನು ಇನ್ನೊಬ್ಬನಿಲ್ಲ. ನಾನು ಅಡುಗೆ ಕಲಿತದ್ದೆಲ್ಲ ಅವಳ ಮೈಮೇಲೆ ಬರೆದಿತ್ತು.

ಸ್ವಾಮಿಗಳು ಬರುವವರೆಗೂ ಅಲ್ಲಿ ನಿಲ್ಲಲಿಲ್ಲ. ನೇರ ಸುಣ್ಣದ ಗೂಡಿನ ಕಡೆಗೆ ನಡೆದೆ.

ಚೌರಪ್ಪ ಬೆನ್ನು ಹಾಕಿಕೊಂಡು ಹಗ್ಗ ಹೊಸೆಯುತ್ತಿದ್ದ. ಬಾಗಿಲಲ್ಲಿ ಚಾಪೆಯ ಮೇಲೆ ಸಗಾಯಮ್ಮ ಕೂತಿದ್ದಳು. ನನ್ನ ಬರಿಯ ಪಂಚೆಯನ್ನು ಕಂಡು ಅವಳೇ ಶುರುಮಾಡಿದಳು.

"ಬಂದ್ರಾ ಉಪದೇಶಿಗಳೇ? ಇವತ್ತು ಗುರುವಾರ ಅಲ್ಲ, ಭಯವಿಲ್ಲದೆ ಕೂತ್ಕೊಳ್ಳಿ. ಒಬ್ಬರು ತರ್ತೀರಿ, ಒಬ್ಬರು ಕೇಳ್ತೀರಿ. ನಿಮ್ಮಿಬ್ಬರ ಮಧ್ಯೆ ನಾನು ಉಪವಾಸ. ಊರಿಗೆಲ್ಲ ತಪಸ್ಸುಕಾಲ ವರ್ಷಕ್ಕೊಂದು ಸಲ, ನನಗೆ ವಾರಕ್ಕೊಂದು ಸಲ. ಹೂವು ಹೀರಿ ಬದುಕೋಕೆ ನಾನೇನು ದುಂಬಿನಾ?"

"ಸುಮ್ನಿರು ಸಗಾಯಿ" ಎಂದ ಚೌರಪ್ಪ ತಿರುಗದೆ.

"ಸುಮ್ನಿದ್ದು ಸುಮ್ನಿದ್ದೇ ಇಷ್ಟಾಗಿರೋದು" ಎಂದಳು ಅವಳು.

ನಾನು ನೆಲದ ಮೇಲೆ ಕೂತೆ. "ಯಾಕಪ್ಪ ಚೌರಪ್ಪ?" ಎಂದೆ. ಅಷ್ಟೇ ಕೇಳಲಾಯಿತು.

ಅವನು ಹಗ್ಗವನ್ನು ಕಾಲ ಹೆಬ್ಬೆರಳಿನಿಂದ ಬಿಡಿಸಿ ಪಕ್ಕಕ್ಕಿಟ್ಟ. "ಅವರ ಮಣ್ಣಿಗೆ ಬರೀ ಮಡಿಲು ತಗೊಂಡು ಬಂದೆ. ಊರೆದುರಿಗೆ ನೀವು ಕೇಳಿದ್ರಿ. ಕೇಳಬೇಕಾಗಿತ್ತು, ತಪ್ಪಿಲ್ಲ. ಹದಿಮೂರು ವರ್ಷ ಅನ್ನ ಇಟ್ಟವರಿಗೆ ನನ್ನ ಕೈಯಿಂದ ಒಂದು ಹೂವು ಬೀಳಲಿಲ್ಲ. ನನ್ನದು ಅಂತ ಕೊಡೋಕೆ ಏನಿತ್ತು? ಗುರುವಾರದ ಊಟ ಒಂದಿತ್ತು. ಅದು ಅವರದೇ, ಅವರಿಗೇ ಕೊಟ್ಟೆ. ಸ್ವಲ್ಪ ಸಿಟ್ಟೂ ಇತ್ತು. ಸುಳ್ಳು ಯಾಕೆ ಹೇಳಲಿ."

"ಸ್ವಲ್ಪವಂತೆ" ಎಂದಳು ಸಗಾಯಮ್ಮ.

ಆಗ ನಾನು ಯಾರಿಗೂ ಹೇಳದಿದ್ದುದನ್ನು ಅವರಿಗೆ ಹೇಳಿದೆ. ತಪಸ್ಸುಕಾಲದ ಆ ಗುರುವಾರ ನನ್ನ ಬಾಯಿ ತಪ್ಪಿರಲಿಲ್ಲ, ಬಾಗಿಲಲ್ಲಿ ಕಾದು ನಿಂತು ಬೇಕೆಂದೇ ಕೇಳಿದೆ ಎಂದೆ. "ಆ ದಿನ ನೀವು ಏನು ತಿಂದಿರಿ?" ಎಂದು ಕೇಳಿದೆ. ಕೇಳಿದ ಮೇಲೆ ಅದು ಯಾರ ಪ್ರಶ್ನೆ ಎಂದು ನನಗೆ ಹೊಳೆಯಿತು. ಚೌರಪ್ಪನಿಗೂ ಹೊಳೆದಿರಬೇಕು. ಅವನು ನನ್ನ ಕಡೆ ತಿರುಗಿ ಕೂತ.

"ಏನೂ ತಿನ್ನಲಿಲ್ಲ" ಎಂದಳು ಸಗಾಯಮ್ಮ. "ಅಕ್ಕ ಹೂವು ತಂದು ನನ್ನ ಮಡಿಲಿಗೆ ಸುರಿದಳು. ಹಸಿದ ನಮ್ಮನ್ನ ಬಿಟ್ಟು ಮನೆಗೂ ಹೋಗಲಿಲ್ಲ. ಸಂಜೆವರೆಗೂ ಇದೇ ಚಾಪೆ ಮೇಲೆ ಕೂತಿದ್ದು, ಇವತ್ತು ಮೂರೂ ಜನ ಉಪವಾಸ, ಮನೆಗೆ ಹೋದ ಮೇಲೂ ನಾನು ತಿನ್ನಲ್ಲ ಅಂದಳು. ಆಮೇಲೆ ನಗೋಕೆ ಶುರುಮಾಡಿದಳು ನೋಡಿ. ಯಾಕಕ್ಕ ಅಂದ್ರೆ, 'ನಮ್ಮನೆಯವರು ಊರಿಗೆಲ್ಲ ಕೇಳಿದ್ರು ಕಣೇ, ಮನೇಲಿ ನನ್ನನ್ನ ಒಂದು ಸಲನೂ ಕೇಳಿರಲಿಲ್ಲ. ಹನ್ನೆರಡು ವರ್ಷ ಅವರ ಮುಂದೇನೇ ತುಂಬಿದ ಮಡಿಲು ಹಿಡ್ಕೊಂಡು ಓಡಾಡಿದೀನಿ. ಇವತ್ತು ಕಣ್ಣಿಗೆ ಬಿತ್ತು' ಅಂದಳು."

ಹಸಿವಿಲ್ಲ ಎಂದು ಅವಳು ಬಡಿಸುತ್ತ ನಿಂತಿದ್ದದ್ದು ನೆನಪಾಯಿತು. ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ನಾರು ಉಜ್ಜುವ ಸದ್ದು ಮತ್ತೆ ಶುರುವಾಯಿತು.

ಹದಿನೈದು ದಿನ ಕಳೆದು ಎಲಿಜಬೇತಮ್ಮನ ಹಬ್ಬ ಬಂತು, ಬುಧವಾರ. ನಡುವಿನ ಎರಡು ಗುರುವಾರ ನಾನು ಗುಡಿಸಲಿಗೆ ಹೋಗಲಿಲ್ಲ. ಸಗಾಯಮ್ಮನ ಪಾಲನ್ನು ಇನ್ನಾಸಪ್ಪನ ಹೆಂಡತಿಯ ಸೆರಗಿನಲ್ಲಿ ಕಳಿಸಿದೆ. ಊರೆದುರಿಗೆ ಆದದ್ದನ್ನು ಊರೆದುರಿಗೇ ಸರಿಮಾಡದೆ ಅವನ ಮುಂದೆ ಮಡಿಲು ಹಿಡಿದು ನಿಲ್ಲಲು ಮನಸ್ಸು ಬರಲಿಲ್ಲ. ಹಬ್ಬಕ್ಕೆ ತಪ್ಪದೆ ಬರಬೇಕೆಂದು ಮಾತ್ರ ಹೇಳಿ ಕಳಿಸಿದ್ದೆ. ಹದಿಮೂರು ವರ್ಷದ ಮೇಲೆ ಚೌರಪ್ಪ ತಂಗಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಆ ಹಬ್ಬಕ್ಕೆ ಬಂದ. ಹಿಂದಿನ ಸಾಲಿನಲ್ಲೇ ಕೂತ.

ಓದಿದೆ. ಅರಸುಮಗಳು ಕೋಟೆಯಿಂದ ಇಳಿದಳು. ಗಂಡ ಎದುರಾದ. ಕೇಳಿದ. ಗುಲಾಬಿಯಾಯಿತು. ಅವನು ದೇವರನ್ನು ಕೊಂಡಾಡಿದ. ಪುಟ ಮುಗಿಯಿತು. ಹೆಂಗಸರು ಕಣ್ಣಿಗೆ ಸೆರಗು ತೆಗೆದುಕೊಂಡರು. ನಾನು ಪುಸ್ತಕ ಮುಚ್ಚಲಿಲ್ಲ.

"ಹದಿಮೂರು ವರ್ಷದ ಹಿಂದೆ ಇದೇ ದಿನ ಒಬ್ಬರು ಇಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು" ಎಂದೆ. "ಕೆಳಗೆ ಕಾದಿದ್ದವರು ಆ ದಿನ ಏನು ತಿಂದರು ಅಂತ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋ ಬದಲು ಅವರ ಕೈಯಲ್ಲಿದ್ದ ಹಗ್ಗ ಬಿಡಿಸಿದೆ. ಚೌರಪ್ಪನವರೇ, ನೀವು ಕೇಳಿದ್ದಕ್ಕೆ ಈಗ ಉತ್ತರ ಹೇಳ್ತೀನಿ. ಆ ದಿನ ಅವರು ಏನೂ ತಿನ್ನಲಿಲ್ಲ. ಅಮ್ಮನವರು ಹೂವು ತಗೊಂಡು ಅವರ ಹತ್ತಿರವೇ ಹೋದರು. ಅವರ ಜೊತೆ ಚಾಪೆ ಮೇಲೆ ಕೂತು ತಾವೂ ಉಪವಾಸ ಇದ್ದರು. ಇದು ಪುಸ್ತಕದಲ್ಲಿಲ್ಲ. ಕಣ್ಣಾರೆ ಕಂಡವರು ನನಗೆ ಹೇಳಿದ್ದು."

ಯಾವ ಅಮ್ಮನವರು ಎಂದು ಯಾರೂ ಕೇಳಲಿಲ್ಲ. ನಮ್ಮ ಊರಿನವರಿಗೆ ಕೇಳದೆ ಇರುವುದು ಚೆನ್ನಾಗಿ ಬರುತ್ತದೆ. ಹಿಂದಿನ ಸಾಲಿನಲ್ಲಿ ಸಗಾಯಮ್ಮ ದೊಡ್ಡದಾಗಿ ಮೂಗು ಸೀಟಿಕೊಂಡದ್ದು ಕೇಳಿಸಿತು.

ಪೂಜೆ ಮುಗಿದ ಮೇಲೆ ಸ್ವಾಮಿಗಳು ಚೌರಪ್ಪನನ್ನು ಗಂಟೆಯ ಕೆಳಗೆ ಕರೆದುಕೊಂಡು ಹೋಗಿ ಹಗ್ಗ ತೋರಿಸಿದರು. ಅವನು ಅದನ್ನು ಬೆರಳಿನಿಂದ ಒತ್ತಿ ನೋಡಿ, ಮೂಸಿ ನೋಡಿ, ಮುಖ ಸಿಂಡರಿಸಿದ. "ಇದು ನೈಲಾನು. ಗಂಟೆ ಕೈಗೆ ಮಾತಾಡಲ್ಲ. ನಾರಿನದು ಹೊಸೆದು ತರ್ತೀನಿ, ಒಂದು ತಿಂಗಳು ಕೊಡಿ" ಎಂದ. ನನ್ನ ಕಡೆ ನೋಡಲೂ ಇಲ್ಲ. ತಂಗಿಯನ್ನು ಹೊತ್ತುಕೊಂಡು ಹೊರಟುಹೋದ.

ಮಾರನೆಯ ದಿನ ಗುರುವಾರ. ಎಂಟು ರೊಟ್ಟಿ ಸುಟ್ಟೆ. ಒಂದೂ ಸೀಯಲಿಲ್ಲ. ಅವಳಿದ್ದಿದ್ದರೆ, "ಸಂತರ ಮನೆ ಅಳಿಯನಿಗೆ ಕೊನೆಗೂ ಒಲೆ ಒಲಿಯಿತು" ಎನ್ನುತ್ತಿದ್ದಳು. ಒಂದು ಹಿಡಿ ಅಕ್ಕಿಯನ್ನೂ ಸೇರಿಸಿ, ಅವಳು ಕಟ್ಟುತ್ತಿದ್ದ ಹಾಗೆ ಎರಡು ಮಡಿಕೆ ಮಾಡಿ ಕಟ್ಟಿಕೊಂಡು ಹೊರಟೆ. ಬಿಸಿ ಹೊಟ್ಟೆಗೆ ತಾಗಿತು. ದಾರಿಯಲ್ಲಿ ಯಾರು ಸಿಕ್ಕರೋ, ಏನೆಂದರೋ ಗಮನವಿಲ್ಲ.

ಚೌರಪ್ಪ ಗುಡಿಸಲಿನ ಮುಂದೆ ಹೊಸ ಹಗ್ಗ ಹೂಡಿದ್ದ. ಮೂರು ಎಳೆಯ ದಪ್ಪ ಹಗ್ಗ, ಗಂಟೆಯದು. ನನ್ನನ್ನು ಕಂಡು ಎದ್ದು ನಿಂತ. ಕೈಗೆ ಅಂಟಿದ್ದ ನಾರನ್ನು ಪಂಚೆಗೆ ಒರೆಸಿಕೊಂಡ. ಬಾಗಿಲಲ್ಲಿ ಸಗಾಯಮ್ಮ ಅವನನ್ನೇ ನೋಡುತ್ತಿದ್ದಳು. ನಾನೂ ಅವನ ಬಾಯನ್ನೇ ನೋಡುತ್ತಿದ್ದೆ. ಮಡಿಲಿನ ಬಿಸಿ ಇನ್ನೂ ಇತ್ತು.

ಅವನು ಒಂದು ಸಲ ಕೆಮ್ಮಿದ.

"ಭಾರವಾಯ್ತಾ ಉಪದೇಶಿಗಳೇ?" ಎಂದ.

ಇಲ್ಲ ಎನ್ನಬೇಕು, ಅದು ಊರಿನ ರೂಢಿ. ನನಗೆ ಇಲ್ಲ ಎನ್ನಲಾಗಲಿಲ್ಲ.

"ಭಾರವಪ್ಪ" ಎಂದೆ. "ಸ್ವಲ್ಪ ಇಳಿಸ್ಕೊ."

ಅವನು ಹತ್ತಿರ ಬಂದು ತನ್ನ ಪಂಚೆಯ ತುದಿಯನ್ನು ಎತ್ತಿ ಹಿಡಿದ. ಒಂದೊಂದಾಗಿ ರೊಟ್ಟಿಯನ್ನು ನನ್ನ ಮಡಿಲಿನಿಂದ ಅವನ ಮಡಿಲಿಗೆ ಇಳಿಸಿದೆ. ಅಷ್ಟರಲ್ಲಿ ಒಳಗೆ ಸರಿದಿದ್ದ ಸಗಾಯಮ್ಮ ಮೂರು ತಟ್ಟೆ ಇಡುವ ಸದ್ದು ಕೇಳಿಸಿತು.